ಟೆಸ್ಟ್‌ಗೆ ಮುಂಚೆ ಪೆನ್ಸಿಲ್: ಆಡಿಯಾಲಜಿ ವಿದ್ಯಾರ್ಥಿಗಳಿಗೆ ಯೋಚಿಸೋದನ್ನು ಕಲಿಸುವ ಬಗೆ

ಎಪ್ಪತ್ತು ದಾಟಿದ ಅಜ್ಜಿ. ಎರಡೂ ಕಿವಿ ಮಂದ. ಆಡಿಯಾಲಜಿ, ಅಂದರೆ ಶ್ರವಣ ವಿಜ್ಞಾನದ ಎಂ.ಎಸ್ಸಿ. ಎರಡನೇ ಸೆಮಿಸ್ಟರ್‌ನ ಹುಡುಗಿ ಅಚ್ಚುಕಟ್ಟಾಗಿ ಟೆಸ್ಟ್ ಮುಗಿಸಿ ಆಡಿಯೋಗ್ರಾಂ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಮೆಲ್ಲಗಿನ ಸದ್ದು ಕೇಳಿಸುತ್ತದೆ ಅನ್ನುವ ನಕ್ಷೆ) ತಂದು ನನ್ನ ಮುಂದಿಟ್ಟಳು. 4000 ಹರ್ಟ್ಸ್‌ನಲ್ಲಿ ಬೋನ್ ಕಂಡಕ್ಷನ್ (ತಲೆಬುರುಡೆಯ ಮೂಲಕ ಕೇಳಿಸುವುದು) 40 ಡೆಸಿಬೆಲ್, ಏರ್ ಕಂಡಕ್ಷನ್ (ಕಿವಿನಾಳದ ಮೂಲಕ ಕೇಳಿಸುವುದು) 65. ನಡುವೆ 25 ಡೆಸಿಬೆಲ್ ಗ್ಯಾಪ್. "ಮಿಕ್ಸೆಡ್ ಲಾಸ್ ಮೇಡಂ, ಇಎನ್‌ಟಿಗೆ ಕಳಿಸೋಣ" ಅಂದಳು. ಅಂದರೆ ಒಳಕಿವಿಯ ಜೊತೆ ಮಧ್ಯಕಿವಿಯಲ್ಲೂ ತೊಂದರೆ ಅಂತ.

ಟಿಂಪನೋಗ್ರಾಂ, ಅಂದರೆ ಕಿವಿಪೊರೆ ಮತ್ತು ಮಧ್ಯಕಿವಿ ಹೇಗೆ ಅಲುಗುತ್ತವೆ ಅಂತ ತೋರಿಸುವ ಗೆರೆ, ನೋಡಿದೆ. ಎ ಟೈಪ್, ಅಂದರೆ ಸಹಜ. ರಿಫ್ಲೆಕ್ಸ್ (ಜೋರು ಸದ್ದಿಗೆ ಮಧ್ಯಕಿವಿಯ ಸ್ನಾಯು ಬಿಗಿಯುವುದು) ಕೂಡ ಇತ್ತು. 250, 500 ಹರ್ಟ್ಸ್‌ನಲ್ಲಿ ಗ್ಯಾಪ್ ಇರಲೇ ಇಲ್ಲ. "ಮಧ್ಯಕಿವಿ ಸರಿ ಇದೆ ಅಂತ ಒಂದು ಟೆಸ್ಟ್ ಹೇಳ್ತಿದೆ, ಸರಿ ಇಲ್ಲ ಅಂತ ಇನ್ನೊಂದು ಹೇಳ್ತಿದೆ. ನೀನು ಯಾವುದನ್ನು ನಂಬ್ತೀಯ?" ಅಂದೆ. ಉತ್ತರ ಇಲ್ಲ. ಹೆಡ್‌ಫೋನ್ ತೆಗೆದು ಇನ್ಸರ್ಟ್ ಫೋನ್ (ಕಿವಿನಾಳದೊಳಗೆ ಕೂರುವ ಪುಟ್ಟ ಫೋನ್) ಹಾಕಿ ಮತ್ತೆ ನೋಡು ಅಂತ ಕಳಿಸಿದೆ. ಹತ್ತು ನಿಮಿಷದಲ್ಲಿ ಓಡಿ ಬಂದಳು. ಗ್ಯಾಪ್ ಮಾಯ. ವಯಸ್ಸಾದವರ ಕಿವಿಯ ನಾಳದ ಮೃದ್ವಸ್ಥಿ ಸಡಿಲವಾಗಿರುತ್ತದೆ. ಹೆಡ್‌ಫೋನಿನ ಮೆತ್ತೆ ಒತ್ತಿದಾಗ ನಾಳ ಮುಚ್ಚಿಕೊಂಡಿತ್ತು, ಅಷ್ಟೆ. ಅಜ್ಜಿಗೆ ಇದ್ದದ್ದು ವಯಸ್ಸಿನ ಕಿವುಡು ಮಾತ್ರ.

ತಮಾಷೆ ಏನು ಗೊತ್ತಾ? ಇದೇ ಕೊಲ್ಯಾಪ್ಸ್‌ಡ್ ಕೆನಾಲ್ ಬಗ್ಗೆ ಅವಳು ಪರೀಕ್ಷೆಯಲ್ಲಿ ಐದು ಮಾರ್ಕಿನ ಪ್ರಶ್ನೆಗೆ ಐದಕ್ಕೆ ಐದು ತಗೊಂಡಿದ್ದಳು.

ನಮ್ಮ ವಿದ್ಯಾರ್ಥಿಗಳಿಗೆ ವಿಷಯ ಗೊತ್ತಿಲ್ಲ ಅಂತಲ್ಲ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಿರಲಿ, ಬೆಂಗಳೂರು ಮಂಗಳೂರಿನ ಕಾಲೇಜುಗಳಿರಲಿ, ಎಂ.ಎಸ್ಸಿ.ಗೆ ಬರುವ ಹೊತ್ತಿಗೆ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ ಕಳೆದಿರುತ್ತದೆ. ಕೈ ಪಳಗಿರುತ್ತದೆ. ಸದ್ದು ಕೇಳಿಸಿದರೆ 10 ಡೆಸಿಬೆಲ್ ಇಳಿಸು, ಕೇಳಿಸದಿದ್ದರೆ 5 ಏರಿಸು. ಇದನ್ನು ನಿದ್ದೆಗಣ್ಣಲ್ಲೂ ಮಾಡುತ್ತಾರೆ. ಕೈ ಅಷ್ಟು ಸಲೀಸಾಗಿ ಓಡುವುದರಿಂದಲೇ ತಲೆ ಹಿಂದೆ ಉಳಿಯುತ್ತದೆ. ಓದಿದ್ದು ಪರೀಕ್ಷೆ ಹಾಲಿನಲ್ಲಿ ನೆನಪಾಗುತ್ತದೆ, ರೋಗಿ ಎದುರಿಗೆ ಕೂತಾಗ ನೆನಪಾಗುವುದಿಲ್ಲ.

ಇದನ್ನು ಸರಿಪಡಿಸಲು ನಾನು ವರ್ಷಗಳಿಂದ ಮಾಡಿ, ಬಿಟ್ಟು, ಮತ್ತೆ ಮಾಡಿ ಉಳಿಸಿಕೊಂಡ ಕೆಲವು ಹೆಜ್ಜೆಗಳು ಇಲ್ಲಿವೆ. ಮುಖ್ಯವಾಗಿ ಕ್ಲಿನಿಕ್‌ನಲ್ಲಿ ಸೂಪರ್‌ವೈಸ್ ಮಾಡುವ ಕಿರಿಯ ಅಧ್ಯಾಪಕರಿಗೆ ಬರೆದದ್ದು. ವಿದ್ಯಾರ್ಥಿಗಳು ಓದಿದರೂ ನಷ್ಟವಿಲ್ಲ, ಬಹುಪಾಲು ಒಬ್ಬರೇ ಮಾಡಿಕೊಳ್ಳಬಹುದು.

ಹೆಜ್ಜೆ 1: ಮೊದಲು ಊಹೆ ಬರೆಸಿ

ಇದೊಂದನ್ನೇ ಮಾಡಿ ಉಳಿದಿದ್ದೆಲ್ಲ ಬಿಟ್ಟರೂ ಅರ್ಧ ಕೆಲಸ ಆದಂತೆ.

ಕೇಸ್ ಹಿಸ್ಟರಿ ಮುಗಿದ ತಕ್ಷಣ ವಿದ್ಯಾರ್ಥಿ ಸೌಂಡ್ ರೂಮಿಗೆ ಹೋಗಬಾರದು. ಒಂದು ಖಾಲಿ ಆಡಿಯೋಗ್ರಾಂ ಹಾಳೆ ಕೊಡಿ. ಈ ರೋಗಿಯ ಆಡಿಯೋಗ್ರಾಂ ಹೇಗೆ ಬರಬಹುದು ಅಂತ ಪೆನ್ಸಿಲ್‌ನಲ್ಲಿ ಬರೆಯಲಿ. ಟಿಂಪನೋಗ್ರಾಂ ಯಾವ ಟೈಪ್, ರಿಫ್ಲೆಕ್ಸ್ ಇರುತ್ತಾ, ಓಎಇ (ಒಳಕಿವಿ ತಾನೇ ಹೊರಡಿಸುವ ಸಣ್ಣ ಸದ್ದು) ಬರುತ್ತಾ, ಮಾತಿನ ಸ್ಕೋರ್ (ಹೇಳಿದ ಪದಗಳಲ್ಲಿ ಎಷ್ಟನ್ನು ಸರಿಯಾಗಿ ತಿರುಗಿ ಹೇಳಿದರು ಅನ್ನುವುದು) ಸುಮಾರು ಎಷ್ಟು, ಎಲ್ಲವನ್ನೂ ಪಕ್ಕದಲ್ಲಿ ಗೀಚಲಿ. ಐದು ನಿಮಿಷ ಸಾಕು. ಟೆಸ್ಟ್ ಆದ ಮೇಲೆ ಅದೇ ಹಾಳೆಯ ಮೇಲೆ ನಿಜವಾಗಿ ಬಂದದ್ದನ್ನು ಪೆನ್ನಿನಲ್ಲಿ ಬರೆಯಲಿ. ಎರಡು ಗೆರೆಗಳು ಎಲ್ಲಿ ಬೇರೆಯಾದವೋ ಅಲ್ಲಿ ಬೆರಳಿಡಿ. ಆ ದಿನದ ಪಾಠ ಅಲ್ಲಿದೆ.

ಪೆನ್ಸಿಲ್ ಯಾಕೆ ಬೇಕು ಅಂದರೆ, ಫಲಿತಾಂಶ ನೋಡಿದ ಮೇಲೆ ಎಲ್ಲರಿಗೂ "ನಂಗೆ ಮೊದ್ಲೇ ಅನ್ನಿಸಿತ್ತು" ಅನ್ನಿಸುತ್ತದೆ. ಅದು ಸುಳ್ಳಲ್ಲ, ಮನಸ್ಸು ಹಾಗೇ ಕೆಲಸ ಮಾಡುತ್ತದೆ. ಕಾಗದದ ಮೇಲೆ ಇದ್ದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ.

ಒಂದು ಉದಾಹರಣೆ. ದೊಡ್ಡಬಳ್ಳಾಪುರದ ಕಡೆಯವರು, ನಲವತ್ತೈದರ ಆಸುಪಾಸು, ಇಪ್ಪತ್ತು ವರ್ಷದಿಂದ ಪವರ್‌ಲೂಮ್ ಕೆಲಸ. ಕಿವಿಯಲ್ಲಿ ಗುಂಯ್ ಅನ್ನುತ್ತದೆ. ವಿದ್ಯಾರ್ಥಿ ಪೆನ್ಸಿಲ್‌ನಲ್ಲಿ ಎರಡೂ ಕಿವಿಗೆ 4000 ಹರ್ಟ್ಸ್‌ನಲ್ಲಿ ತಗ್ಗು, 8000ದಲ್ಲಿ ಸ್ವಲ್ಪ ಚೇತರಿಕೆ ಬರೆದ. ಸದ್ದಿನಿಂದ ಆದ ಕಿವುಡಿನ ಚಿತ್ರ, ಸರಿಯಾದ ಊಹೆ. ಬಂದದ್ದು? ಬಲಗಿವಿಯಲ್ಲಿ ಸಣ್ಣ ತಗ್ಗು. ಎಡಗಿವಿ ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಸೀದಾ ಕೆಳಗೆ. ಮಾತಿನ ಸ್ಕೋರ್ ಎಡಗಡೆ ತೀರಾ ಕಡಿಮೆ.

ಪೆನ್ಸಿಲ್ ಗೆರೆ ಇಲ್ಲದಿದ್ದರೆ ಹುಡುಗ "ಮಗ್ಗದ ಸದ್ದು" ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದ. ಗೆರೆ ಇದ್ದದ್ದಕ್ಕೆ ಅವನೇ ಕೇಳಿದ, "ಮಗ್ಗ ಎರಡೂ ಕಿವಿಗೆ ಒಂದೇ ಥರ ಸದ್ದು ಮಾಡುತ್ತಲ್ಲ ಮೇಡಂ, ಎಡಗಿವಿ ಮಾತ್ರ ಯಾಕೆ ಇಷ್ಟು?" ಒಂದೇ ಕಿವಿಯಲ್ಲಿ ಇಷ್ಟು ವ್ಯತ್ಯಾಸ, ಮಾತು ಅರ್ಥವಾಗದಿರುವುದು, ಇವು ಶ್ರವಣ ನರದ ಗಡ್ಡೆಯ ಸಂಶಯ ಹುಟ್ಟಿಸಬೇಕು. ಎಬಿಆರ್ (ಸದ್ದಿಗೆ ಶ್ರವಣ ನರ ಮತ್ತು ಮಿದುಳುಕಾಂಡ ಕೊಡುವ ವಿದ್ಯುತ್ ಅಲೆಗಳನ್ನು ಅಳೆಯುವ ಟೆಸ್ಟ್) ಮಾಡಿ ಎಂಆರ್‌ಐಗೆ ಕಳಿಸಿದೆವು. ಗಡ್ಡೆ ಇರಲಿಲ್ಲ. ಹುಡುಗ ಮುಖ ಸಣ್ಣದು ಮಾಡಿಕೊಂಡ. ಅವನಿಗೆ ಹೇಳಿದ್ದು ಇಷ್ಟೇ: ಹೀಗೆ ಕಳಿಸಿದವರಲ್ಲಿ ಹೆಚ್ಚಿನವರಿಗೆ ಗಡ್ಡೆ ಇರುವುದಿಲ್ಲ, ಆದರೂ ಕಳಿಸಿದ್ದು ಸರಿ. ತೀರ್ಮಾನ ಸರಿಯೋ ತಪ್ಪೋ ಅನ್ನುವುದನ್ನು ಆಗ ಕೈಯಲ್ಲಿದ್ದ ಮಾಹಿತಿಯಿಂದ ಅಳೆಯಬೇಕು. ಇದನ್ನು ವಿದ್ಯಾರ್ಥಿಗಳಿಗೆ ಬಾಯಿಬಿಟ್ಟು ಹೇಳದಿದ್ದರೆ, ಸ್ಕ್ಯಾನ್ ನಾರ್ಮಲ್ ಬಂದ ನಾಲ್ಕು ಕೇಸ್ ಆದ ಮೇಲೆ ಐದನೆಯದನ್ನು ಕಳಿಸುವುದೇ ಬಿಟ್ಟುಬಿಡುತ್ತಾರೆ.

ಹೆಜ್ಜೆ 2: "ಇನ್ನೇನಿರಬಹುದು?" ಅಂತ ಮೂರು ಸಲ ಕೇಳಿ

ಮೊದಲು ಹೊಳೆದ ಉತ್ತರ ಸಾಮಾನ್ಯವಾಗಿ ಸರಿಯೇ ಇರುತ್ತದೆ. ತೊಂದರೆ ಆಗುವುದು ಅಲ್ಲೇ ನಿಂತುಬಿಟ್ಟಾಗ. ಅದಕ್ಕೆ ನಮ್ಮಲ್ಲಿ ಒಂದು ರೂಢಿ: ಯಾವ ಅಸಹಜ ಫಲಿತಾಂಶಕ್ಕೂ ಕನಿಷ್ಠ ಮೂರು ವಿವರಣೆ ಬೇಕು. ಹುಡುಕುವ ಕ್ರಮವೂ ಗೊತ್ತುಮಾಡಿದ್ದೇವೆ. ಮಷಿನ್, ನಾನು, ರೋಗಿ, ರೋಗ. ಅಂದರೆ ಮೊದಲು ಉಪಕರಣದ ಮೇಲೆ ಸಂಶಯ, ಆಮೇಲೆ ನನ್ನ ಕೈಕೆಲಸದ ಮೇಲೆ, ಆಮೇಲೆ ರೋಗಿಗೆ ಸೂಚನೆ ಅರ್ಥವಾಯಿತಾ ಅನ್ನುವುದರ ಮೇಲೆ. ಕಾಯಿಲೆಯ ಹೆಸರು ಕೊನೆಗೆ.

ಮಗುವಿಗೆ ಓಎಇ ಬರಲಿಲ್ಲ ಅಂದುಕೊಳ್ಳಿ. ಕಿವಿಯೊಳಗೆ ಇಡುವ ಪ್ರೋಬ್ ತುದಿಯಲ್ಲಿ ಗುಗ್ಗೆ ಕೂತಿದೆಯಾ? ಪ್ರೋಬ್ ಸರಿಯಾಗಿ ಕೂತಿತ್ತಾ? ಮಗು ಚೀಪುತ್ತಾ ಅಳುತ್ತಾ ಇತ್ತಾ? ಮಧ್ಯಕಿವಿಯಲ್ಲಿ ನೀರಿದೆಯಾ? ಇಷ್ಟೆಲ್ಲ ದಾಟಿದ ಮೇಲೆ ಕಾಕ್ಲಿಯ, ಅಂದರೆ ಒಳಕಿವಿಯ ಕಡೆ ಕೈ ತೋರಿಸಬಹುದು.

ಬಿ ಟೈಪ್ ಟಿಂಪನೋಗ್ರಾಂ ಕೂಡ ಹಾಗೇ. ಚಪ್ಪಟೆ ಗೆರೆ ಕಂಡ ಕೂಡಲೇ "ನೀರು ತುಂಬಿದೆ" ಅಂತ ಬರೆಯುವವರೇ ಜಾಸ್ತಿ. ಪಕ್ಕದಲ್ಲೇ ಕಿವಿನಾಳದ ವಾಲ್ಯೂಮ್ ಅಂಕಿ ಇರುತ್ತದೆ, ಅದನ್ನು ಓದುವುದಿಲ್ಲ. ವಾಲ್ಯೂಮ್ ಸಹಜವಾಗಿದ್ದರೆ ನೀರಿನ ಮಾತು. ತುಂಬಾ ದೊಡ್ಡದಿದ್ದರೆ ಪೊರೆಯಲ್ಲಿ ತೂತು ಅಥವಾ ಗ್ರೋಮೆಟ್ (ಪೊರೆಯಲ್ಲಿ ಕೂರಿಸಿದ ಪುಟ್ಟ ಕೊಳವೆ). ತೀರಾ ಚಿಕ್ಕದಿದ್ದರೆ ಗುಗ್ಗೆ, ಇಲ್ಲವೇ ಪ್ರೋಬ್ ನಾಳದ ಗೋಡೆಗೆ ತಾಗಿದೆ. ಒಂದೇ ಗೆರೆ, ಮೂರು ಬೇರೆ ಬೇರೆ ಕಥೆ.

ಹೆಜ್ಜೆ 3: ಒಂದೇ ರೋಗಿ, ನಾಲ್ಕು ಚೀಟಿ

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅನ್ನುವ ಗಾದೆ ನಮ್ಮ ಕ್ಷೇತ್ರಕ್ಕೇ ಮಾಡಿಟ್ಟ ಹಾಗಿದೆ. ಆಡಿಯಾಲಜಿಯಲ್ಲಿ ಇದಕ್ಕೆ ಕ್ರಾಸ್-ಚೆಕ್ ತತ್ವ ಅಂತ ಹೆಸರು. 1976ರಲ್ಲಿ ಜರ್ಗರ್ ಮತ್ತು ಹೇಯ್ಸ್ ಮಕ್ಕಳ ಶ್ರವಣ ಪರೀಕ್ಷೆಗೆ ಅಂತ ಇದನ್ನು ಮುಂದಿಟ್ಟರು. ಯಾವ ಒಂದು ಟೆಸ್ಟಿನ ಫಲಿತಾಂಶವನ್ನೂ ಇನ್ನೊಂದು ಸ್ವತಂತ್ರ ಟೆಸ್ಟ್ ಒಪ್ಪುವ ತನಕ ಒಪ್ಪಬೇಡಿ ಅನ್ನುವುದು ಸಾರ. ಎಲ್ಲ ವಿದ್ಯಾರ್ಥಿಗಳಿಗೂ ಈ ಸಾಲು ಬಾಯಿಪಾಠ. ಅದು ಮೈಗೂಡಲು ನಾನು ಮಾಡಿಸುವ ಆಟ ಇದು.

ನಾಲ್ಕು ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೂರಿಸಿ. ಒಬ್ಬ ರೋಗಿಯ ಫೈಲಿನಿಂದ ಹೆಸರು, ವಿಳಾಸ ತೆಗೆದುಹಾಕಿ, ಒಬ್ಬೊಬ್ಬರಿಗೆ ಒಂದೊಂದೇ ಟೆಸ್ಟಿನ ಫಲಿತಾಂಶ ಕೊಡಿ. ಅಷ್ಟರ ಮೇಲೆ ರೋಗಿಗೆ ಏನಾಗಿದೆ ಅಂತ ಬರೆಯಲಿ. ಜೊತೆಗೆ ಎಷ್ಟು ಖಾತ್ರಿ ಅಂತ ಹತ್ತಕ್ಕೆ ಅಂಕ ಹಾಕಲಿ.

ನಾನು ಹೆಚ್ಚಾಗಿ ಬಳಸುವ ಕೇಸ್ ಹತ್ತೊಂಬತ್ತು ವರ್ಷದ ಕಾಲೇಜು ಹುಡುಗಿಯದ್ದು. ಓಎಇ ಸಿಕ್ಕವನು ಎಲ್ಲ ಫ್ರೀಕ್ವೆನ್ಸಿಯಲ್ಲೂ ಒಳ್ಳೆಯ ಓಎಇ ನೋಡಿ "ನಾರ್ಮಲ್" ಬರೆಯುತ್ತಾನೆ. ಖಾತ್ರಿ ಹತ್ತಕ್ಕೆ ಒಂಬತ್ತು. ಎಬಿಆರ್ ಸಿಕ್ಕವಳು 90 ಡೆಸಿಬೆಲ್‌ನಲ್ಲೂ ಒಂದು ಅಲೆ ಕಾಣದೆ "ಪೂರ್ತಿ ಕಿವುಡು" ಅನ್ನುತ್ತಾಳೆ. ಖಾತ್ರಿ ಎಂಟು. ಪ್ಯೂರ್ ಟೋನ್ (ಅಂದರೆ ಆಡಿಯೋಗ್ರಾಂ) ಸಿಕ್ಕವನಿಗೆ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಮಾತ್ರ ಸ್ವಲ್ಪ ಲಾಸ್ ಕಾಣುತ್ತದೆ. "ಮೈಲ್ಡ್, ದೊಡ್ಡ ವಿಷಯ ಅಲ್ಲ." ಮಾತಿನ ಸ್ಕೋರ್ ಸಿಕ್ಕವಳ ಹಾಳೆಯಲ್ಲಿ 20 ಪರ್ಸೆಂಟ್. ಅವಳು ತಲೆ ಕೆರೆದುಕೊಂಡು "ತೀವ್ರ ಲಾಸ್" ಅಂತ ಬರೆಯುತ್ತಾಳೆ.

ಈಗ ನಾಲ್ವರನ್ನೂ ಒಂದು ಟೇಬಲ್ಲಿಗೆ ಕರೆಯಿರಿ. ಎಲ್ಲರದ್ದೂ ಒಬ್ಬಳೇ ಹುಡುಗಿ ಅಂತ ಹೇಳಿ. ಆ ಮೌನ ನೋಡಬೇಕು ನೀವು.

ಸ್ವಲ್ಪ ಹೊತ್ತಿಗೆ ಜಗಳ ಶುರು. "ನಿಂದೇ ತಪ್ಪು, ಎಲೆಕ್ಟ್ರೋಡ್ ಸರಿ ಹಾಕಿಲ್ಲ ಅನ್ಸುತ್ತೆ." "ಓಎಇ ಇದೆ ಅಂದ್ರೆ ಕಿವಿ ಕೇಳುತ್ತೆ ಅಂತ್ಲೇ ಅಲ್ವಾ?" ಮಧ್ಯೆ ಬಾಯಿ ಹಾಕಬೇಡಿ. ಅವರು ಸೋತು ನಿಮ್ಮ ಕಡೆ ತಿರುಗಿದಾಗ ಕೇಸ್ ಹಿಸ್ಟರಿಯ ಒಂದೇ ವಾಕ್ಯ ಓದಿ. ಹುಡುಗಿ ಬಂದ ದಿನ ಹೇಳಿದ್ದು: "ಕೇಳ್ಸುತ್ತೆ ಮೇಡಂ, ಆದ್ರೆ ಏನು ಹೇಳ್ತಿದ್ದಾರೆ ಅಂತ ಗೊತ್ತಾಗಲ್ಲ. ಗಲಾಟೆ ಇದ್ರಂತೂ ಮುಗೀತು."

ಆಗ ಯಾರೋ ಒಬ್ಬರ ಬಾಯಲ್ಲಿ ಬರುತ್ತದೆ: ಆಡಿಟರಿ ನ್ಯೂರೋಪತಿ. 1996ರಲ್ಲಿ ಸ್ಟಾರ್ ಮತ್ತು ಸಂಗಡಿಗರು ಈ ಹೆಸರಿನಲ್ಲಿ ವಿವರಿಸಿದ ಸ್ಥಿತಿ. ಕಾಕ್ಲಿಯದ ಹೊರ ಕೂದಲುಕೋಶಗಳು ಕೆಲಸ ಮಾಡುತ್ತಿವೆ, ಅದಕ್ಕೆ ಓಎಇ ಇದೆ. ನರಕ್ಕೆ ಹೋಗುವ ಸಂಕೇತ ತಾಳ ತಪ್ಪಿದೆ, ಅದಕ್ಕೆ ಎಬಿಆರ್‌ನಲ್ಲಿ ಅಲೆ ಇಲ್ಲ, ರಿಫ್ಲೆಕ್ಸೂ ಇಲ್ಲ. ಸದ್ದು ಒಳಗೆ ಹೋಗುತ್ತದೆ, ಮಾತು ಬಿಡಿಸಿಕೊಳ್ಳುವುದಿಲ್ಲ. ನಾಲ್ಕೂ ಚೀಟಿ ಸರಿಯೇ ಇದ್ದವು. ಒಂದೊಂದನ್ನೇ ಓದಿದ ನಾಲ್ವರೂ ತಪ್ಪಿದರು.

ಆಮೇಲೆ ಆ ಖಾತ್ರಿ ಅಂಕಗಳಿಗೆ ವಾಪಸ್ ಬನ್ನಿ. ಒಂಬತ್ತು ಯಾಕೆ ಹಾಕಿದೆ? ಯಾವ ಅಂಕಿ ನೋಡಿದ್ದರೆ ಐದಕ್ಕೆ ಇಳಿಯುತ್ತಿದ್ದೆ? ಈ ಮಾತುಕತೆಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಅವಸರ ಮಾಡಬೇಡಿ. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಕೋರ್ಸ್ ಮುಗಿಸಿ ಹೋದ ಮೇಲೂ ನೆನಪಿಟ್ಟುಕೊಳ್ಳುವ ತರಗತಿ ಇದೊಂದೇ.

ಇದೇ ಆಟಕ್ಕೆ ಇನ್ನೊಂದು ಜೋಡಿ: ಓಟೋಸ್ಕ್ಲೆರೋಸಿಸ್ (ಮಧ್ಯಕಿವಿಯ ಪುಟ್ಟ ಮೂಳೆ ಬಿಗಿದುಕೊಳ್ಳುವುದು) ಮತ್ತು ಸುಪೀರಿಯರ್ ಕೆನಾಲ್ ಡಿಹಿಸೆನ್ಸ್ (ಒಳಕಿವಿಯ ಒಂದು ನಾಳದ ಮೇಲಿನ ಮೂಳೆ ತೆರೆದುಕೊಂಡಿರುವುದು). ಎರಡರಲ್ಲೂ ಏರ್-ಬೋನ್ ಗ್ಯಾಪ್ ಇರಬಹುದು, ಪೊರೆ ನೋಡಲು ಚೆನ್ನಾಗೇ ಇರಬಹುದು. ಓಟೋಸ್ಕ್ಲೆರೋಸಿಸ್‌ನಲ್ಲಿ ರಿಫ್ಲೆಕ್ಸ್ ಹೋಗಿರುತ್ತದೆ, ಡಿಹಿಸೆನ್ಸ್‌ನಲ್ಲಿ ಸಾಮಾನ್ಯವಾಗಿ ಉಳಿದಿರುತ್ತದೆ. ರಿಫ್ಲೆಕ್ಸ್ ಟೆಸ್ಟ್ "ಟೈಮ್ ಇಲ್ಲ" ಅಂತ ಬಿಡುವ ವಿದ್ಯಾರ್ಥಿಗೆ ಈ ಜೋಡಿ ಕೊಡಿ.

ಹೆಜ್ಜೆ 4: ಮಾತಿನ ಟೆಸ್ಟ್‌ನಲ್ಲಿ ರೋಗಿಯ ಕನ್ನಡವನ್ನೂ ಕೇಳಿಸಿಕೊಳ್ಳಲಿ

ಇಂಗ್ಲಿಷ್ ಪುಸ್ತಕಗಳು ಕಲಿಸಲಾರದ ವಿಷಯ ಇದು. ನಮ್ಮ ವಿದ್ಯಾರ್ಥಿಗಳು ಇಲ್ಲೇ ಹೆಚ್ಚು ಎಡವುತ್ತಾರೆ.

ಕನ್ನಡದ ಪದಪಟ್ಟಿ ಇಟ್ಟುಕೊಂಡು ಒಂದೊಂದೇ ಪದ ಹೇಳುತ್ತೀರಿ, ರೋಗಿ ತಿರುಗಿ ಹೇಳಬೇಕು. 25 ಪದಗಳ ಪಟ್ಟಿಯಾದರೆ ಒಂದು ಪದಕ್ಕೆ 4 ಪರ್ಸೆಂಟ್. ಮಂಡ್ಯ ಕಡೆಯ ಹಳ್ಳಿಯ ಒಬ್ಬ ರೈತರು ಬಂದಿದ್ದರು. "ಹಾವು" ಅಂದರೆ "ಆವು" ಅಂದರು. "ಹಲ್ಲು" ಅಂದರೆ "ಅಲ್ಲು". "ಶಾಲೆ" ಅಂದರೆ "ಸಾಲೆ". ವಿದ್ಯಾರ್ಥಿ ಎಲ್ಲಕ್ಕೂ ತಪ್ಪು ಹಾಕಿದ. ಇಂಥ ನಾಲ್ಕು ಪದ ಬಂದರೆ 16 ಪರ್ಸೆಂಟ್ ಹೋಯಿತು. ರೋಗಿಗೆ ಕೇಳಿಸಿದ್ದು ಸರಿಯೇ ಇತ್ತು. ಅವರ ಆಡುನುಡಿಯಲ್ಲಿ ಹಕಾರ ಬಿದ್ದುಹೋಗುತ್ತದೆ, ಶ ಹೋಗಿ ಸ ಆಗುತ್ತದೆ, ಅಷ್ಟೆ.

ಇಲ್ಲಿ ಇನ್ನೊಂದು ಗಂಟು ಇದೆ. ಮೇಲಿನ ಫ್ರೀಕ್ವೆನ್ಸಿಯ ಲಾಸ್ ಇದ್ದವರಿಗೂ ಶ ಮತ್ತು ಸ ಬೆರೆತುಹೋಗಬಹುದು. ಹಾಗಾದರೆ "ಸಾಲೆ" ಅನ್ನುವುದು ಆಡುನುಡಿಯೋ, ಕಿವಿಯ ತೊಂದರೆಯೋ? ಈ ಪ್ರಶ್ನೆಯನ್ನು ವಿದ್ಯಾರ್ಥಿಗೇ ಬಿಡಿ. ಸ್ವಲ್ಪ ಹೊತ್ತಿನ ಮೇಲೆ ಉಪಾಯ ಅವರಿಗೇ ಹೊಳೆಯುತ್ತದೆ. ಟೆಸ್ಟ್‌ಗೆ ಮುಂಚೆ "ಮಕ್ಕಳು ಏನು ಓದ್ತಿದ್ದಾರೆ? ಹೊಲದಲ್ಲಿ ಏನು ಹಾಕಿದ್ದೀರಾ?" ಅಂತ ಎರಡು ನಿಮಿಷ ಮಾತಾಡಿಸಿದರೆ ಆಯಿತು. ತಾವಾಗೇ ಮಾತಾಡುವಾಗಲೂ "ಸಾಲೆ" ಅಂದರೆ ಅದು ಅವರ ನುಡಿ. ಮಾತಾಡುವಾಗ "ಶಾಲೆ" ಅಂದು ಟೆಸ್ಟ್‌ನಲ್ಲಿ "ಸಾಲೆ" ಅಂದರೆ ಕಿವಿಯ ಕಡೆ ನೋಡಬೇಕು. ಹುಟ್ಟಿನಿಂದ ಅಥವಾ ಬಹಳ ವರ್ಷದಿಂದ ಕಿವಿ ಮಂದ ಇದ್ದವರಿಗೆ ಈ ಉಪಾಯ ಸಾಲದು, ಅವರ ಮಾತೇ ಬದಲಾಗಿರಬಹುದು. ಆಗ ಪದ ಹೇಳಿಸುವ ಬದಲು ಚಿತ್ರ ತೋರಿಸಿ ಆರಿಸಲು ಹೇಳಬಹುದು.

ಮನೆಯಲ್ಲಿ ತುಳು, ಕೊಂಕಣಿ, ಉರ್ದು ಆಡುವವರಿಗೆ ಕನ್ನಡದ ಪಟ್ಟಿ ಎಷ್ಟು ನ್ಯಾಯ ಅನ್ನುವುದೂ ಇದೇ ಜಾತಿಯ ಪ್ರಶ್ನೆ. ಮಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಇದು ದಿನಾ ಎದುರಾಗುತ್ತದೆ. ರಿಪೋರ್ಟ್‌ನಲ್ಲಿ ಬರೀ ಅಂಕಿ ಬರೆಯದೆ, ಯಾವ ಭಾಷೆಯಲ್ಲಿ ಮಾಡಿದೆವು, ರೋಗಿಯ ಮನೆಮಾತು ಯಾವುದು ಅಂತಲೂ ಬರೆಸಿ.

ಹೆಜ್ಜೆ 5: ಸಂಶಯವನ್ನೂ ಸಂಶಯಿಸಲು ಕಲಿಸಿ

ಪ್ರಶ್ನೆ ಕೇಳುವ ಚಟ ಹತ್ತಿದ ವಿದ್ಯಾರ್ಥಿ ರೋಗಿಯ ಮೇಲೇ ತಿರುಗಿಬೀಳುವ ಅಪಾಯ ಉಂಟು. ಶ್ರವಣ ದೋಷದ ಸರ್ಟಿಫಿಕೇಟ್‌ಗೆ ಬಂದವರ ವಿಷಯದಲ್ಲಿ ಇದು ಜಾಸ್ತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಮಾತಿನ ಫ್ರೀಕ್ವೆನ್ಸಿಗಳಲ್ಲಿ ಎರಡೂ ಕಿವಿಗೆ 70 ಡೆಸಿಬೆಲ್ ಲಾಸ್ ಇದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ಹೀಗೆ ಗೆರೆ ಎಳೆದ ಕಡೆ ಗೆರೆಯ ಆಸುಪಾಸಿನ ಅಂಕಿಗಳು ಬರುವುದು ಸಹಜ. ಅದನ್ನು ನೋಡಿ "ಇವ್ರು ನಾಟಕ ಮಾಡ್ತಿದ್ದಾರೆ" ಅನ್ನುವ ತೀರ್ಪು ಬಾಗಿಲಲ್ಲೇ ರೆಡಿ ಆಗಿಬಿಡುತ್ತದೆ.

ಅನ್ನಿಸಿದ್ದನ್ನು ಪರೀಕ್ಷೆಗೆ ಹಚ್ಚಲಿ. ಮಾತಿನ ಥ್ರೆಶೋಲ್ಡ್ (ಮಾತು ಹಿಡಿಯಲು ಬೇಕಾದ ಕನಿಷ್ಠ ಸದ್ದು) ಮತ್ತು ಪ್ಯೂರ್ ಟೋನ್ ಸರಾಸರಿ ಒಂದಕ್ಕೊಂದು ಹೊಂದುತ್ತಾ? 10 ಡೆಸಿಬೆಲ್‌ಗಿಂತ ಜಾಸ್ತಿ ಅಂತರ ಇದ್ದರೆ ಕಾರಣ ಹುಡುಕಬೇಕು. ಅಪಘಾತದ ಮೇಲೆ ಒಂದು ಕಿವಿ ಪೂರ್ತಿ ಹೋಯಿತು ಅನ್ನುವವರಿಗೆ ಮಾಸ್ಕಿಂಗ್ (ಇನ್ನೊಂದು ಕಿವಿಗೆ ಬೇರೆ ಸದ್ದು ಕೊಟ್ಟು ಅದನ್ನು ಮರೆಮಾಡುವುದು) ಇಲ್ಲದೆ ಆ ಕಿವಿಗೆ ಸದ್ದು ಏರಿಸುತ್ತಾ ಹೋಗಿ. ಹೆಡ್‌ಫೋನಿನ ಸದ್ದು 40ರಿಂದ 60 ಡೆಸಿಬೆಲ್ ಕಳೆದುಕೊಂಡು ತಲೆಬುರುಡೆ ದಾಟಿ ಒಳ್ಳೆಯ ಕಿವಿಗೆ ಕೇಳಿಸಲೇಬೇಕು. 90ರಲ್ಲೂ "ಇಲ್ಲ" ಅಂದರೆ ಏನೋ ಹೊಂದುತ್ತಿಲ್ಲ. ಆಗ ಸ್ಟೆಂಗರ್ ಮಾಡಲಿ. ಒಂದೇ ಟೋನ್ ಎರಡೂ ಕಿವಿಗೆ ಕೊಟ್ಟಾಗ ಜೋರಾಗಿರುವ ಕಡೆ ಮಾತ್ರ ಕೇಳಿಸುತ್ತದೆ ಅನ್ನುವ ಸಣ್ಣ ಸತ್ಯದ ಮೇಲೆ ನಿಂತ ಟೆಸ್ಟ್ ಅದು.

ಇಷ್ಟಾದ ಮೇಲೂ ರಿಪೋರ್ಟ್‌ನಲ್ಲಿ "ಸುಳ್ಳು" ಅನ್ನುವ ಪದ ಬರಬಾರದು. ಫಲಿತಾಂಶಗಳು ಹೊಂದುತ್ತಿಲ್ಲ ಅಂತ ಮಾತ್ರ ನಮಗೆ ಗೊತ್ತು. ಯಾಕೆ ಅನ್ನುವುದು ಗೊತ್ತಿಲ್ಲ. ಎಸ್ಸೆಸ್ಸೆಲ್ಸಿ ಹೊಸ್ತಿಲಲ್ಲಿರುವ ಮಕ್ಕಳಲ್ಲಿ ಇಂಥ ಕಿವುಡು ನೋಡಿದ್ದೇನೆ. ಆ ಮಕ್ಕಳು ಯಾರಿಗೂ ಮೋಸ ಮಾಡುತ್ತಿರಲಿಲ್ಲ.

ಹೆಜ್ಜೆ 6: ತಾಯಿಗೆ ಹೇಳುವ ಮುಂಚೆ ಲೆಕ್ಕ ಹಾಕಲಿ

ನವಜಾತ ಶಿಶುವಿನ ಸ್ಕ್ರೀನಿಂಗ್‌ನಲ್ಲಿ "ರೆಫರ್" (ಪಾಸ್ ಆಗಿಲ್ಲ, ಮತ್ತೆ ನೋಡಬೇಕು) ಅಂತ ಬಂದರೆ ಆ ಮಗುವಿಗೆ ಕಿವಿ ಕೇಳದಿರುವ ಸಾಧ್ಯತೆ ಎಷ್ಟು? ಕೇಳಿ ನೋಡಿ, ಎಂ.ಎಸ್ಸಿ. ವಿದ್ಯಾರ್ಥಿಗಳಲ್ಲೂ ಬಹಳ ಜನ 80, 90 ಪರ್ಸೆಂಟ್ ಅನ್ನುತ್ತಾರೆ.

ಬೋರ್ಡಿನ ಮೇಲೆ ಲೆಕ್ಕ ಮಾಡಿಸಿ. ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಗಣನೀಯ ಶ್ರವಣ ದೋಷ ಇರುತ್ತದೆ. ಎರಡು ಅಂತ ಇಟ್ಟುಕೊಳ್ಳಿ, ಇಬ್ಬರನ್ನೂ ಟೆಸ್ಟ್ ಹಿಡಿಯಿತು ಅನ್ನೋಣ. ಉಳಿದ 998 ಮಕ್ಕಳಲ್ಲಿ 4 ಪರ್ಸೆಂಟ್ ಮಕ್ಕಳಿಗೆ ಸುಮ್ನೆ ರೆಫರ್ ಬಂತು ಅನ್ನೋಣ. ಅದು 40 ಮಕ್ಕಳು. ಒಟ್ಟು 42 ರೆಫರ್‌ನಲ್ಲಿ ನಿಜವಾದದ್ದು 2. ಅಂದರೆ ಇಪ್ಪತ್ತೊಂದಕ್ಕೆ ಒಂದು. ಹೆರಿಗೆಯಾಗಿ ಎರಡು ದಿನವಾದ ತಾಯಿಗೆ "ಮಗೂಗೆ ಕಿವಿ ಕೇಳ್ತಿಲ್ಲ" ಅಂತ ಹೇಳಿ ಬರುವ ಹುಡುಗರಿಗೆ ಈ ಲೆಕ್ಕ ಬೇಕೇ ಬೇಕು.

ಇದೇ ಲೆಕ್ಕ ಹಿಡಿದು "ಏನೂ ಇಲ್ಲ ಬಿಡಿ ಅಮ್ಮ" ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು. ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಪತ್ತೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಅನ್ನುವ 1-3-6 ನಿಯಮ ಇರುವುದು ಆ ಇಪ್ಪತ್ತೊಂದನೇ ಮಗುವಿಗಾಗಿ. "ಇವತ್ತು ಸರಿಯಾಗಿ ಗೊತ್ತಾಗಲಿಲ್ಲ. ಮತ್ತೆ ನೋಡಲೇಬೇಕು, ಇಂಥ ದಿನ ಬನ್ನಿ" ಅಂತ ಹೇಳಿ ತಾರೀಕು ಬರೆದುಕೊಡಿ. ಜೋರು ಕಾಮಾಲೆಯಾಗಿ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ ಮಗುವಿಗೆ ಓಎಇ ಪಾಸ್ ಆದರೆ ಸಮಾಧಾನ ಪಡಬಹುದಾ ಅಂತಲೂ ಕೇಳಿ. ನಾಲ್ಕು ಚೀಟಿಯ ಆಟ ಆಡಿದವರು ಎಬಿಆರ್ ಬೇಕು ಅಂತ ತಾವೇ ಹೇಳುತ್ತಾರೆ.

ಹೆಜ್ಜೆ 7: ನಿಮ್ಮ ಬಾಯಿಗೆ ಬೀಗ, ನಿಮ್ಮ ತಪ್ಪಿಗೆ ಬೋರ್ಡು

ಇದು ನಮಗೆ, ಅಂದರೆ ಸೂಪರ್‌ವೈಸರ್‌ಗಳಿಗೆ. ವಿದ್ಯಾರ್ಥಿ ಆಡಿಯೋಗ್ರಾಂ ತಂದ ತಕ್ಷಣ ನಾವು ಉತ್ತರ ಹೇಳಿ ಸೈನ್ ಹಾಕಿ ಕಳಿಸುತ್ತೇವೆ. ಹೊರಗೆ ಇಪ್ಪತ್ತು ಜನ ಕೂತಿರುತ್ತಾರೆ, ನಿಜ. ಆದರೂ ಒಂದೆರಡು ನಿಮಿಷದ ದಾರಿ ಇದೆ. ವೈದ್ಯಕೀಯ ಶಿಕ್ಷಣದಲ್ಲಿ 1992ರಿಂದ ಒನ್ ಮಿನಿಟ್ ಪ್ರಿಸೆಪ್ಟರ್ ಅನ್ನುವ ಕ್ರಮ ಬಳಕೆಯಲ್ಲಿದೆ. ಮೊದಲು "ನಿನಗೇನು ಅನ್ಸುತ್ತೆ?" ಅಂತ ಕೇಳಿ ಒಂದು ನಿಲುವಿಗೆ ಬರುವಂತೆ ಮಾಡಿ. ಆಮೇಲೆ "ಯಾವ ಆಧಾರದ ಮೇಲೆ?" ಅನ್ನಿ. ಒಂದು ಸಾಮಾನ್ಯ ಸೂತ್ರ ಹೇಳಿಕೊಡಿ. ಸರಿ ಮಾಡಿದ್ದನ್ನು ಹೆಸರಿಟ್ಟು ಹೇಳಿ. ಕೊನೆಗೆ ತಪ್ಪು ತಿದ್ದಿ. ನಾನು ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: "ಯಾವ ಫಲಿತಾಂಶ ಬಂದರೆ ನಿನ್ನ ಮಾತು ವಾಪಸ್ ತಗೋತೀಯ?" ಇದಕ್ಕೆ ಉತ್ತರ ಇಲ್ಲದವರು ಯೋಚಿಸಿ ಹೇಳಿಲ್ಲ, ನೆನಪಿನಿಂದ ಹೇಳಿದ್ದಾರೆ ಅಂತ ನನ್ನ ಲೆಕ್ಕ.

ಪ್ರಶ್ನೆ ಕೇಳಿ ಸುಮ್ಮನಿರುವುದು ಕಷ್ಟ. ನನಗೆ ಈಗಲೂ ಕಷ್ಟ. ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ.

ಇನ್ನೊಂದು ತೊಡಕು ನಮ್ಮ ಕಡೆಯದ್ದು. ಮೇಡಂ ಹೇಳಿದ್ದು ತಪ್ಪು ಅನ್ನುವುದು ನಮ್ಮ ಮಕ್ಕಳ ಬಾಯಲ್ಲಿ ಬರುವುದಿಲ್ಲ. ಮನೆಯಲ್ಲೂ ಹಾಗೇ ಬೆಳೆದಿರುತ್ತಾರೆ. "ಧೈರ್ಯವಾಗಿ ಪ್ರಶ್ನೆ ಕೇಳಿ" ಅಂತ ಭಾಷಣ ಮಾಡಿದರೆ ತಲೆ ಆಡಿಸಿ ಸುಮ್ಮನಾಗುತ್ತಾರೆ. ಅದಕ್ಕೆ ಶನಿವಾರ ನಾನೇ ಒಂದು ರಿಪೋರ್ಟ್ ಬರೆದು ಬೋರ್ಡಿಗೆ ಅಂಟಿಸುತ್ತೇನೆ. ಅದರಲ್ಲಿ ಬೇಕಂತಲೇ ಒಂದು ತಪ್ಪು ಇರುತ್ತದೆ. ಮಾಸ್ಕಿಂಗ್ ಬೇಕಾದ ಕಡೆ ಬಿಟ್ಟಿರುತ್ತೇನೆ, ಅಥವಾ ಟಿಂಪನೋಗ್ರಾಂಗೂ ತೀರ್ಮಾನಕ್ಕೂ ಹೊಂದುವುದಿಲ್ಲ. ಕಂಡುಹಿಡಿದವರು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಬೇಕು, ಹೆಸರು ಬೇಡ. ಮೊದಲ ವಾರ ಎರಡೇ ಚೀಟಿ, ಎರಡರಲ್ಲೂ "ತಪ್ಪು ಕಾಣಲಿಲ್ಲ ಮೇಡಂ" ಅಂತ ಇತ್ತು. ಎರಡನೇ ತಿಂಗಳಲ್ಲಿ ನಾನು ಬೇಕಂತ ಮಾಡದ ತಪ್ಪೊಂದನ್ನು ಹುಡುಕಿ ಹಾಕಿದ್ದರು. ಅವತ್ತು ಎಲ್ಲರಿಗೂ ಮಸಾಲೆ ದೋಸೆ.

ಹೆಜ್ಜೆ 8: ಪೇಪರ್ ಓದುವಾಗ ಸಾರಾಂಶ ಮುಚ್ಚಿ

ಜರ್ನಲ್ ಕ್ಲಬ್ ಅಂದರೆ ನಮ್ಮಲ್ಲಿ ಸಾರಾಂಶವನ್ನು ಸ್ಲೈಡ್‌ಗೆ ಏರಿಸಿ ಓದುವುದು. ಸಾರಾಂಶ, ಕೊನೆಯ ಚರ್ಚೆ ಎರಡನ್ನೂ ತೆಗೆದು ವಿಧಾನ ಮತ್ತು ಫಲಿತಾಂಶದ ಪುಟ ಮಾತ್ರ ಕೊಡಿ. ತೀರ್ಮಾನವನ್ನು ವಿದ್ಯಾರ್ಥಿಗಳೇ ಬರೆಯಲಿ, ಆಮೇಲೆ ಲೇಖಕರದ್ದರ ಜೊತೆ ಹೋಲಿಸಲಿ.

ಹಿಯರಿಂಗ್ ಏಡ್ ಕಂಪನಿಗಳ ಕರಪತ್ರವೂ ಒಳ್ಳೆಯ ಪಠ್ಯ. "ಗದ್ದಲದಲ್ಲೂ ಸ್ಪಷ್ಟ ಮಾತು" ಅಂತ ಇದ್ದರೆ, ಅದು ದಿಕ್ಕು ಹಿಡಿಯುವ ಮೈಕ್‌ನಿಂದ ಬಂದ ಲಾಭವೋ, ಸದ್ದು ತಗ್ಗಿಸುವ ಪ್ರೋಗ್ರಾಂನಿಂದಲೋ ಅಂತ ಕೇಳಿಸಿ. ಮೊದಲನೆಯದು ಮಾತು ಅರ್ಥವಾಗಲು ನೆರವಾಗುತ್ತದೆ. ಎರಡನೆಯದರಿಂದ ಮುಖ್ಯವಾಗಿ ಕಿವಿಗೆ ಹಿತ. ಎಷ್ಟು ಜನರ ಮೇಲೆ ನೋಡಿದರು, ಯಾವ ಭಾಷೆ, ಹೋಲಿಸಿದ್ದು ಯಾವುದರ ಜೊತೆ? ನಮ್ಮ ಬಸ್ ಸ್ಟ್ಯಾಂಡಿನ ಗದ್ದಲಕ್ಕೂ ಅವರ ಲ್ಯಾಬಿನ ಗದ್ದಲಕ್ಕೂ ಹೋಲಿಕೆ ಇದೆಯಾ?

ಹೆಜ್ಜೆ 9: ಮಾರ್ಕ್ಸ್ ಎಲ್ಲಿ ಕೊಡುತ್ತೀರಿ?

ಮೇಲಿನದೆಲ್ಲ ಮಾಡಿ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಾತ್ರ "ಡಯಾಗ್ನೋಸಿಸ್ ಸರಿಯಿದೆಯಾ" ಅಂತ ನೋಡಿದರೆ ವಿದ್ಯಾರ್ಥಿಗಳು ಅದನ್ನಷ್ಟೇ ಓದುತ್ತಾರೆ. ಅವರದ್ದು ತಪ್ಪಲ್ಲ. ನಾನು ಒಳ ಮೌಲ್ಯಮಾಪನದಲ್ಲಿ 20ಕ್ಕೆ 5 ಮಾತ್ರ ಸರಿಯುತ್ತರಕ್ಕೆ ಇಟ್ಟಿದ್ದೇನೆ. ಊಹೆಗೆ ಆಧಾರ ಇತ್ತಾ, ಬೇರೆ ಸಾಧ್ಯತೆ ಯೋಚಿಸಿದರಾ, ಮುಂದಿನ ಟೆಸ್ಟನ್ನು ಯಾಕೆ ಆರಿಸಿದರು, ಇವಕ್ಕೆ ಉಳಿದದ್ದು. ತಪ್ಪು ಡಯಾಗ್ನೋಸಿಸ್ ಬರೆದವಳೊಬ್ಬಳು ಒಮ್ಮೆ ತರಗತಿಗೇ ಜಾಸ್ತಿ ಮಾರ್ಕ್ಸ್ ತಗೊಂಡಳು. ಗಲಾಟೆ ಆಯಿತು. ಅವಳ ಹಾಳೆಯನ್ನು ಎಲ್ಲರಿಗೂ ಓದಲು ಕೊಟ್ಟೆ, ಗಲಾಟೆ ನಿಂತಿತು.

ಎಷ್ಟು ಕೇಸ್‌ಗೆ ಇದನ್ನೆಲ್ಲ ಮಾಡುವುದು ಅಂತ ನೀವು ಕೇಳಬಹುದು. ದಿನಕ್ಕೆ ಒಂದು ಸಾಕು. ಅದೂ ಕಷ್ಟದ ಕೇಸ್ ಬೇಡ. "ಇದು ಸುಲಭ ಮೇಡಂ" ಅಂತ ವಿದ್ಯಾರ್ಥಿ ತರುವ ಕೇಸನ್ನೇ ಹಿಡಿಯಿರಿ.

ಆ ಪೆನ್ಸಿಲ್ ಹಾಳೆ ರೋಗಿಯ ಫೈಲಿಗೆ ಸೇರದಂತೆ ಮಾತ್ರ ನೋಡಿಕೊಳ್ಳಿ. ನಮ್ಮಲ್ಲಿ ಒಮ್ಮೆ ಸೇರಿಹೋಗಿತ್ತು. ಇಎನ್‌ಟಿ ಡಾಕ್ಟರು ಫೋನ್ ಮಾಡಿ "ಒಬ್ಬ ಪೇಷೆಂಟಿಗೆ ಎರಡು ಆಡಿಯೋಗ್ರಾಂ ಕಳಿಸಿದ್ದೀರಲ್ಲ, ನಾನು ಯಾವುದನ್ನು ನಂಬಲಿ?" ಅಂತ ಕೇಳಿದರು. ಅವತ್ತಿನಿಂದ ಊಹೆಯ ಹಾಳೆ ಹಳದಿ ಬಣ್ಣದ್ದು.